ಮರುಕೂಗು

ನೀರಕ್ಕನ ಮನೆಯ ನಲ್ಲಿ ಇಡೀ ಕಚೇರಿಯ ಕಣ್ಣೆದುರು ಹರಿಯತೊಡಗಿದ್ದು ಬೆಳಗಿನ ಸಭೆಯ ನಟ್ಟನಡುವೆ, ದೊಡ್ಡ ಸಾಹೇಬರು ಮುಂದಿನ ಸಾಲಿನಲ್ಲಿ ಕೂತಿದ್ದಾಗ.

ಹರಿದದ್ದು ಪರದೆಯ ಮೇಲೆ, ಅಂಕಿಗಳ ರೂಪದಲ್ಲಿ. ಊರಿನ ನೀರು ಸರಬರಾಜು ಮಂಡಳಿಗೆ ಹೊಸ ಮೀಟರುಗಳು ಬರುವುದಿತ್ತು. ಮನೆಮನೆಗೆ ಹೋಗಿ ಓದಬೇಕಾಗಿಲ್ಲ, ಎಷ್ಟು ನೀರು ಹರಿಯಿತೆಂದು ಮೀಟರೇ ಕಚೇರಿಗೆ ಹೇಳಿಕಳಿಸುತ್ತದೆ. ಮಂಡಳಿಯ ಡಿಜಿಟಲ್ ರೂಪಾಂತರದ ಮುಖ್ಯಸ್ಥೆ ಅಂದಮೇಲೆ ಮೊದಲ ಮೀಟರು ತನ್ನ ಮನೆಯಲ್ಲೇ ಕೂರಲಿ, ಊರಿಗೆ ಬುದ್ಧಿ ಹೇಳುವವರು ಮೊದಲು ತಮ್ಮ ಅಂಗಳ ಗುಡಿಸಲಿ ಎಂದು ಅವಳು ಹಾಗೇ ಮಾಡಿಸಿದ್ದಳು. ಒಳ್ಳೆಯ ಬುದ್ಧಿಗೆ ಶಿಕ್ಷೆಯಾಗದೆ ಹೋದದ್ದನ್ನು ಈ ಕಥೆ ಬರೆಯುವವನಂತೂ ಇನ್ನೂ ಕಂಡಿಲ್ಲ.

"ಈ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನೀರು ಮುಟ್ಟಲ್ಲ. ಆದ್ದರಿಂದ ಇಲ್ಲಿ ಸೊನ್ನೆ ಕಾಣಿಸ್ತಾ ಇದೆ, ನೋಡಿ" ಎಂದು ಅವಳು ಬೆರಳು ತೋರಿಸಿದ ಕಡೆ ಸೊನ್ನೆ ಇರಲಿಲ್ಲ. ಅಂಕಿ ಓಡುತ್ತಿತ್ತು. ಬಕೆಟ್ಟು ತುಂಬುವಷ್ಟು, ಆಮೇಲೆ ಹಂಡೆ ತುಂಬುವಷ್ಟು, ಆಮೇಲೆ ಎಮ್ಮೆ ತೊಳೆಯುವಷ್ಟು. ಕೊನೆಗೆ ಹಸಿರು ಚುಕ್ಕಿ ಕೆಂಪಾಗಿ, ಕೆಳಗೆ ದಪ್ಪಕ್ಷರದಲ್ಲಿ ಬಂತು: ಸೋರಿಕೆಯ ಶಂಕೆ, ಕೂಡಲೇ ಸಿಬ್ಬಂದಿಯನ್ನು ಕಳಿಸಿ.

ದೊಡ್ಡ ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಮನೆಯಲ್ಲಿ ಯಾರಾದರೂ ಈಜು ಕಲೀತಿದ್ದಾರೇನಮ್ಮ?" ಎಂದರು.

ಆಮೇಲೆ ಎದ್ದ ನಗುವಿಗೆ ಮೇಲಿನ ಫ್ಯಾನುಗಳೂ ಅಲುಗಾಡಿದವಂತೆ. ಆದದ್ದಿಷ್ಟೇ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು, ಗಿರಾಕಿಯ ಸೊಂಟದ ಅಳತೆ ತೆಗೆಯಲು ಹೋದವನು ಸೊಂಟದಿಂದ ರಾಜಕೀಯಕ್ಕೆ ದಾಟಿಬಿಟ್ಟಿದ್ದ. ನೀರಕ್ಕನೂ ನಕ್ಕಳು, ಬೇರೆ ದಾರಿಯಿರಲಿಲ್ಲ. ನಗುತ್ತಲೇ ಅವಳ ಕಣ್ಣು ಕೊನೆಯ ಸಾಲಿಗೆ ಹೋಯಿತು. ಅಲ್ಲಿ ಮೀಟರು ಓದುವವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ಒಬ್ಬನನ್ನು ಬಿಟ್ಟು. ಮುಚ್ಚಳಣ್ಣ ಕೈಕಟ್ಟಿ ಕೂತಿದ್ದ. ಅವನ ಕಣ್ಣು ಪರದೆಯ ಮೇಲಿತ್ತು, ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಇಡೀ ಕಚೇರಿ ನಕ್ಕದ್ದಕ್ಕಿಂತ ಅವನೊಬ್ಬ ನಗದೇ ಇದ್ದದ್ದು ಅವಳಿಗೆ ಚುಚ್ಚಿತು.

ನೀರಕ್ಕ ಹುಟ್ಟಾ ಸಾಹೇಬಳಲ್ಲ. ಅವಳಪ್ಪ ಬೀದಿಬೀದಿಗೆ ನೀರು ಬಿಡುವ ನೀರುಗಂಟಿ. ಕೆಲಸದಲ್ಲಿರುವಾಗಲೇ ತೀರಿಕೊಂಡದ್ದರಿಂದ ಮಂಡಳಿ ಮಗಳಿಗೆ ಕೆಲಸ ಕೊಟ್ಟಿತು. ಹೆಣ್ಣುಮಗಳು, ಮೇಜಿನ ಮುಂದೆ ಕೂರಿಸೋಣ ಎಂದು ಮೇಲಿನವರು ಯೋಚಿಸಿದರಂತೆ. ಆದರೆ ಕುರ್ಚಿ ಖಾಲಿ ಇರಲಿಲ್ಲ, ಬೀದಿ ಖಾಲಿ ಇತ್ತು. ಹೀಗೆ ಅವಳು ಮಂಡಳಿಯ ಮೊದಲ ಮಹಿಳಾ ಮೀಟರ್ ರೀಡರ್ ಆಗಿ, ಬೀದಿಯ ಬಾಯಲ್ಲಿ ನೀರಕ್ಕ ಆದಳು.

ಮೊದಲ ದಿನ ಅವಳನ್ನು ಹಾಕಿದ್ದು ಈ ಮುಚ್ಚಳಣ್ಣನ ಜೊತೆಗೇ. ತೆಗೆದ ಮುಚ್ಚಳವನ್ನು ಮುಚ್ಚದೆ ಹೋದವನಲ್ಲ ಎಂಬ ಕೀರ್ತಿಯಿಂದ ಬಂದ ಹೆಸರು. ಕೊಡೆ ಕಂಕುಳಲ್ಲಿಟ್ಟುಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದ:

"ಮೀಟರ್ ಗುಂಡೀಲಿ ಹಾವು ಇದ್ರೆ ಏನ್ಮಾಡ್ತೀಯಾ?"

"ಓಡ್ತೀನಿ."

"ಸದ್ಯ. ಓಡದೇ ಇರೋ ಧೈರ್ಯಸ್ಥರ ಜೊತೆ ನಂಗೆ ಆಗಲ್ಲ ತಂಗಿ. ಓಡೋವಾಗ ಒಬ್ಬನೇ ಓಡೋದು ನಾಚಿಕೆ."

ಮೀಟರು ಓದುವುದಕ್ಕೆ ಮಂಡಳಿಯಲ್ಲಿ ಒಂದು ಪದ್ಧತಿಯಿತ್ತು. ಗುಂಡಿ ಆಳ, ಒಳಗೆ ಕತ್ತಲೆ. ಬಗ್ಗಿದವನಿಗೆ ಬರೆಯಲಾಗದು, ಬರೆಯುವವನಿಗೆ ಕಾಣದು. ಆದ್ದರಿಂದ ಒಬ್ಬ ಮುಚ್ಚಳ ಎತ್ತಿ, ಅಂಕಿ ಓದಿ ಕೂಗುವುದು, ಇನ್ನೊಬ್ಬ ಬರೆದುಕೊಂಡು ಅದನ್ನೇ ತಿರುಗಿ ಕೂಗುವುದು. ಇದಕ್ಕೆ ಮರುಕೂಗು ಎನ್ನುತ್ತಿದ್ದರು. ಮರುಕೂಗು ಬರದೆ ಮುಚ್ಚಳ ಮುಚ್ಚುವಂತಿಲ್ಲ. ಬೀದಿಯ ಗದ್ದಲದ ಮೇಲೆ ಕೇಳಿಸಬೇಕಲ್ಲ, ಅದಕ್ಕೆ ಎಲ್ಲರೂ ಒಂದೊಂದು ರಾಗ ಕಟ್ಟಿಕೊಂಡಿದ್ದರು. "ನಾಕೂ... ಏಳೂ... ಸೊನ್ನೇ... ಎರಡೂ" ಎಂದು ಮುಚ್ಚಳಣ್ಣ ಒಂದೊಂದು ಅಂಕಿಯನ್ನೂ ಎಳೆದರೆ, "ನಾಕೂ... ಏಳೂ... ಸೊನ್ನೇ... ಎರಡೂ" ಎಂದು ನೀರಕ್ಕ ಅದೇ ಎಳೆತದಲ್ಲಿ ಹಿಂತಿರುಗಿಸುತ್ತಿದ್ದಳು. ಅವನು "ಹ್ಞಾಂ" ಎಂದು ಕಾಲಿನಿಂದ ಮುಚ್ಚಳ ತಳ್ಳಿದರೆ ಡಬ್ ಎಂದು ಸದ್ದು. ಆ ಸದ್ದಿಗೆ ಮುಂದಿನ ಮನೆಯವರು ಗೇಟು ತೆಗೆಯುತ್ತಿದ್ದರು, ಅದರಾಚೆ ಮನೆಯವರು ನಾಯಿ ಕಟ್ಟುತ್ತಿದ್ದರು.

ಬೀದಿಯಲ್ಲಿ ಅವರಿಗೆ ಗೊತ್ತಿಲ್ಲದ ಸಂಗತಿ ಇರಲಿಲ್ಲ. ಯಾವ ಮನೆಗೆ ನೆಂಟರು ಬಂದು ಹೋಗುವ ಲಕ್ಷಣ ತೋರುತ್ತಿಲ್ಲ, ಯಾವ ಮನೆಯಲ್ಲಿ ಮಗು ಹುಟ್ಟಿ ನೀರು ಎರಡರಷ್ಟಾಗಿದೆ, ಯಾರು ಮುನಿಸಿಕೊಂಡು ತವರಿಗೆ ಹೋಗಿದ್ದಾರೆ, ಎಲ್ಲ ಗುಂಡಿಯೊಳಗೇ ತಿಳಿಯುತ್ತಿತ್ತು. ನೀರಕ್ಕನಿಗೆ ಗಂಡು ಹುಡುಕಿದ್ದೂ ಹಾಗೆಯೇ.

"ಮೂಲೆ ಮನೆ ಟೈಲರ್ ಹೇಗೆ ತಂಗಿ?" ಎಂದು ಮುಚ್ಚಳಣ್ಣ ಒಂದು ಮುಚ್ಚಳದ ಮೇಲೆ ಕೂತು ಕೇಳಿದ್ದ.

"ನಂಗೇನು ಗೊತ್ತು? ನೀವು ಹೇಳಿ."

"ನೀರಿನ ಖರ್ಚು ನೋಡ್ದೆ. ಒಬ್ಬನೇ ಹುಡುಗ, ಹದವಾಗಿ ಬಳಸ್ತಾನೆ. ಸ್ನಾನ ಮಾಡ್ತಾನೆ, ಬಟ್ಟೆ ಒಗೀತಾನೆ. ಪೋಲು ಮಾಡಲ್ಲ."

"ಒಳ್ಳೆಯವನಾ?"

"ಮೀಟರಲ್ಲಿ ಅಷ್ಟೇ ಕಾಣೋದು. ಉಳಿದಿದ್ದು ನೀನೇ ನೋಡ್ಕೋ."

ನೋಡಿಕೊಂಡಳು, ಮದುವೆಯೂ ಆಯಿತು. ಸಭೆಯ ದಿನ ನಲ್ಲಿ ಬಿಟ್ಟು ಹೋದವನು ಇದೇ ಹದವಾದ ಹುಡುಗ. ಮದುವೆ ಎಂಬುದು ಎಂಥ ಮಿತವ್ಯಯಿಯನ್ನೂ ಏನು ಮಾಡಿಬಿಡುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು.

ಇಲಾಖೆಯ ಪರೀಕ್ಷೆಗಳನ್ನು ಕಟ್ಟಿಸಿದ್ದೂ ಮುಚ್ಚಳಣ್ಣನೇ. "ಇಬ್ಬರೂ ಬಗ್ಗಿಕೊಂಡೇ ಮುದುಕರಾಗೋದು ಬೇಡ" ಎಂದು ಹೇಳಿ, ಮನೆಯಿಂದ ಮನೆಗೆ ನಡೆಯುವಾಗ ಅವಳಿಂದ ನಿಯಮಗಳನ್ನು ಒಪ್ಪಿಸಿಕೊಳ್ಳುತ್ತಿದ್ದ. ನಿಯಮಕ್ಕೂ ಅದೇ ರಾಗ. ಅವಳು ಪಾಸಾದಳು, ಗುಮಾಸ್ತೆಯಾದಳು, ಮತ್ತೆ ಪಾಸಾದಳು, ಅಧಿಕಾರಿಯಾದಳು. ಪ್ರತಿ ಸಲವೂ ಅವನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಆಮೇಲೆ ಬಂತು ಈ ರೂಪಾಂತರ. ತಾತನ ಕಾಲದ ಮಂಡಳಿ, ಕಬ್ಬಿಣದ ಬೀರುಗಳಿಗೂ ಪಿಂಚಣಿ ಕೊಡುವಷ್ಟು ವಯಸ್ಸಾಗಿತ್ತು. ಇದನ್ನು ಮುನ್ನಡೆಸುವವರು ಯಾರು ಎಂಬ ಪ್ರಶ್ನೆ ಬಂದಾಗ ಹಿರಿಯರಿಗೆಲ್ಲ ಒಟ್ಟಿಗೇ ಮಂಡಿನೋವು ಬಂತು. ಮಂಡಿ ನೋಯದೇ ಉಳಿದವಳು ನೀರಕ್ಕ. ನಡೆದು ನಡೆದು ಗಟ್ಟಿಯಾಗಿತ್ತಲ್ಲ.

ಬದಲಾವಣೆ ಬೇಕು ಎಂದು ಎಲ್ಲರೂ ಒಪ್ಪಿದರು, ಪಕ್ಕದ ವಿಭಾಗದಲ್ಲಿ. ಹೊರಗಿನಿಂದ ಬಂದ ಸಲಹೆಗಾರರು ಬಾಣದ ಗುರುತುಗಳಿದ್ದ ಚಿತ್ರ ತೋರಿಸಿದರು. ಎಲ್ಲ ಬಾಣಗಳೂ ನೀರಕ್ಕನ ಕಡೆಗೇ ತಿರುಗಿದ್ದವು. ಲೆಕ್ಕದ ವಿಭಾಗದವರು ಕಂಪ್ಯೂಟರಿನಲ್ಲಿ ಬಂದದ್ದನ್ನು ಮುದ್ರಿಸಿ, ಸೀಲು ಹೊಡೆದು, ಫೋಟೊ ತೆಗೆದು ಮತ್ತೆ ಕಂಪ್ಯೂಟರಿಗೇ ಹಾಕುತ್ತಿದ್ದರು. ಅವಳು ಯಾರನ್ನೂ ಬೈಯಲಿಲ್ಲ. ಪ್ರತಿ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ನೀವು ಈಗ ಹೇಗೆ ಮಾಡ್ತೀರಿ, ಅದನ್ನ ತೋರಿಸಿ" ಎನ್ನುತ್ತಿದ್ದಳು. ತೋರಿಸುತ್ತ ತೋರಿಸುತ್ತ ಅವರಿಗೇ ನಗು ಬಂದು ಸೀಲು ಕೆಳಗಿಡುತ್ತಿದ್ದರು. ಯಾರ ಕೆಲಸವೂ ಹೋಗದಂತೆ ನೋಡಿಕೊಂಡಳು. ಮೀಟರು ಓದುವವರೇ ಹೊಸ ಮೀಟರು ಕೂರಿಸುವುದು, ಉಳಿದವರು ಸೋರಿಕೆ ನೋಡುವ ತಂಡಕ್ಕೆ ಹೋಗುವುದು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಎಲ್ಲ ಸರಿ.

ಆದರೆ ಮುಚ್ಚಳಣ್ಣ ಅವಳನ್ನು "ಮೇಡಂ" ಎನ್ನತೊಡಗಿದ್ದ.

ಸಭೆ ಮುಗಿದ ಮೇಲೆ ಅವನನ್ನು ಕ್ಯಾಬಿನ್ನಿಗೆ ಕರೆಸಿದಳು. ಅವನು ಗಾಜಿನ ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳಿ ಬಂದ. ಅದೇ ಒಂದು ಏಟು.

"ಕೂತ್ಕೊಳ್ಳಿ ಅಣ್ಣ."

"ಇರಲಿ ಮೇಡಂ."

"ಸೋರಿಕೆ ತಂಡಕ್ಕೆ ನೀವೇ ಮುಖ್ಯಸ್ಥರಾಗಬೇಕು ಅಂತ ಬರೆದಿದ್ದೀನಿ. ನಿಮ್ಮನ್ನ ಬಿಟ್ರೆ ಯಾರಿದ್ದಾರೆ?"

ಅವನು ಕೊಡೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದ. "ಎಲ್ಲಾ ಮನೆಗೂ ಹೋಗಿ ಬರ್ತಿದ್ದೋನು ನಾನು. ಈಗ ಸೋರೋ ಮನೆಗೆ ಮಾತ್ರ ಹೋಗು ಅಂತೀರಾ ಮೇಡಂ? ಚೆನ್ನಾಗಿರೋರು ಏನು ಪಾಪ ಮಾಡಿದ್ರು?"

"ಕಾಲ ಬದಲಾಗಿದೆ ಅಣ್ಣ. ನಾನಲ್ಲದಿದ್ರೆ ಇನ್ನೊಬ್ಬರು ಮಾಡ್ತಿದ್ರು."

"ಅದೇ ಕಷ್ಟ, ಇನ್ನೊಬ್ಬರು ಮಾಡಿದ್ರೆ ಬೈಕೊಂಡು ಸುಮ್ಮನಿರ್ತಿದ್ದೆ." ಬಾಗಿಲ ಹತ್ತಿರ ಹೋಗಿ ತಿರುಗಿದ. "ಒಂದು ಕೇಳ್ತೀನಿ. ನಿಮ್ಮ ಮೀಟರು ಕೂಗುತ್ತೆ, ಸರಿ. ಪರದೆ ಮೇಲೆ ನೋಡ್ದೆ. ಮರುಕೂಗು ಯಾರು ಹಾಕ್ತಾರೆ?"

ಅವನು ಆ ತಿಂಗಳೇ ಸ್ವಯಂ ನಿವೃತ್ತಿ ತೆಗೆದುಕೊಂಡ. ಬೀಳ್ಕೊಡುಗೆಗೂ ಬರಲಿಲ್ಲ. ಶಾಲನ್ನು ಹೊದಿಸಲು ಯಾರೂ ಸಿಗದೆ ದೊಡ್ಡ ಸಾಹೇಬರು ಮಡಚಿ ಬೀರುವಿಗೆ ವಾಪಸು ಕಳಿಸಿದರು. ನೀರಕ್ಕ ಫೋನು ಮಾಡಿದಾಗಲೆಲ್ಲ ಅವನ ಹೆಂಡತಿ ತೆಗೆದು, "ಇಲ್ಲೇ ಇದ್ದಾರಮ್ಮ, ಇಲ್ಲ ಅಂತ ಹೇಳು ಅಂತಿದ್ದಾರೆ" ಎನ್ನುತ್ತಿದ್ದಳು. ಸುಳ್ಳು ಹೇಳಲು ಬಾರದ ಹೆಂಗಸು.

ಅದಾದ ಮೇಲೆ ನೀರಕ್ಕ ಮೀಟರು ಕಂಪನಿಯ ಇಂಜಿನಿಯರನ್ನು ಕೂರಿಸಿಕೊಂಡಳು.

"ಮೀಟರು ಅಂಕಿ ಕಳಿಸಿದ ಮೇಲೆ ಇಲ್ಲಿಂದ ಅದಕ್ಕೆ ಏನಾದ್ರೂ ಹೋಗುತ್ತಾ?"

"ಏನು ಹೋಗಬೇಕು ಮೇಡಂ?"

"ಬಂತು ಅಂತ. ಕೇಳಿಸ್ತು ಅಂತ."

"ಅದರ ಅವಶ್ಯಕತೆ ಇಲ್ಲ ಮೇಡಂ. ಒಂದು ತಪ್ಪಿದ್ರೂ ಸ್ವಲ್ಪ ಹೊತ್ತಿಗೆ ಮುಂದಿನ ಅಂಕಿ ಬರುತ್ತೆ. ಸುಮ್ಮನೆ ಬ್ಯಾಟರಿ ಖರ್ಚು."

"ಖರ್ಚಾಗಲಿ."

ಇಂಜಿನಿಯರು ಲೆಕ್ಕ ತೋರಿಸಿದ. ಲೆಕ್ಕ ಅವನ ಕಡೆಗೇ ಇತ್ತು, ಅವಳೂ ಒಪ್ಪಿದಳು. ಒಪ್ಪಿಯೂ ಬಿಡಲಿಲ್ಲ. ಕೊನೆಗೆ ತಿಂಗಳಿಗೊಂದು ಸಲ ಕಳಿಸುವುದು ಎಂದು ರಾಜಿಯಾಯಿತು. ಅಂದು ಮೀಟರಿನೊಳಗೆ ಒಂದು ಸಣ್ಣ ದೀಪ ಮಿನುಗುತ್ತದೆ. ಗುಂಡಿಯ ಕತ್ತಲೆಯಲ್ಲಿ, ಮುಚ್ಚಳದ ಕೆಳಗೆ, ಯಾರಿಗೂ ಕಾಣದಂತೆ. ಯೋಜನೆಯ ಕಡತದಲ್ಲಿ ಅದಕ್ಕೆ ಮರುಕೂಗು ಎಂದೇ ಹೆಸರು ಹಾಕಿಸಿದಳು. ಸಲಹೆಗಾರರು ಅದನ್ನು ಏನೋ ದೊಡ್ಡ ತತ್ವ ಇರಬೇಕೆಂದು ತಮ್ಮ ಬಾಣದ ಚಿತ್ರಕ್ಕೆ ಸೇರಿಸಿಕೊಂಡರು.

ಊರೆಲ್ಲ ಹೊಸ ಮೀಟರಾಯಿತು. ಯೋಜನೆ ಗೆದ್ದಿತು. ಬೇರೆ ಊರುಗಳ ಮಂಡಳಿಗಳವರು ಬಂದು ಪರದೆ ನೋಡಿ ತಲೆದೂಗಿ ಹೋದರು. ಅವರೆಲ್ಲ ಹೋದ ಮೇಲೆ ನೀರಕ್ಕ ಒಬ್ಬಳೇ ಆ ಪರದೆಯ ಮುಂದೆ ಕೂರುತ್ತಿದ್ದಳು. ಊರು ಅಂದರೆ ಹಸಿರು ಚುಕ್ಕಿಗಳು. ತಾನು ನಡೆದ ಬೀದಿಗಳನ್ನು ದೊಡ್ಡದು ಮಾಡಿ ನೋಡುವಳು. ಇದು ಮಲ್ಲಿಗೆ ಬಳ್ಳಿಯ ಮನೆ, ಇದು ಕಚ್ಚುವ ನಾಯಿಯ ಮನೆ, ಇದು ಕಚ್ಚುವ ಅತ್ತೆಯ ಮನೆ. ಯಾವ ಮನೆಯಲ್ಲಿ ನೀರು ಎಷ್ಟು ಎಂದು ಈಗ ಮೊದಲಿಗಿಂತ ಚೆನ್ನಾಗಿ ಗೊತ್ತು. ಯಾಕೆ ಎಂದು ಗೊತ್ತಿಲ್ಲ. ಒಂದು ಮನೆಯಲ್ಲಿ ಇದ್ದಕ್ಕಿದ್ದಂತೆ ನೀರು ಅರ್ಧವಾಯಿತು. ಮೊದಲಾಗಿದ್ದರೆ ಗೇಟಿನ ಹತ್ತಿರವೇ ಕೇಳಿಬಿಡುತ್ತಿದ್ದಳು, "ಯಾರು ಊರಿಗೆ ಹೋದ್ರು?" ಈಗ ಚುಕ್ಕಿಯನ್ನು ಕೇಳಿದರೆ ಚುಕ್ಕಿ ಏನು ಹೇಳೀತು, ಹಸಿರಾಗಿಯೇ ಇತ್ತು.

ಮುಚ್ಚಳಣ್ಣನ ಚುಕ್ಕಿಯನ್ನು ದಿನವೂ ನೋಡುತ್ತಿದ್ದಳು. ಬೆಳಕು ಹರಿಯುವ ಮೊದಲು ಒಂದು ಸ್ನಾನದಷ್ಟು, ಆಮೇಲೆ ಅಡುಗೆಮನೆಯಷ್ಟು, ಸಂಜೆ ಗಿಡಗಳಿಗೆ ಹಾಕುವಷ್ಟು. ಸರಿ, ಎದ್ದಿದ್ದಾನೆ. ಸರಿ, ಉಂಡಿದ್ದಾನೆ. ಇಷ್ಟೇ. ಒಮ್ಮೆ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು, ಪರದೆಯ ಮೇಲಿನ ಅವನ ಅಂಕಿಯನ್ನು ಹಳೆಯ ರಾಗದಲ್ಲಿ ಸಣ್ಣಗೆ ಕೂಗಿ ನೋಡಿದಳು. ಹೊರಗಿನಿಂದ ಟೈಪಿಸ್ಟ್ ಬಾಗಿಲು ತೆರೆದು, "ಕರೆದ್ರಾ ಮೇಡಂ?" ಎಂದಳು.

"ಇಲ್ಲಮ್ಮ, ಕೆಮ್ಮು."

ಒಂದು ದಿನ ಮಧ್ಯಾಹ್ನ ಆ ಚುಕ್ಕಿ ಕೆಂಪಾಯಿತು.

ನೀರು ನಿಲ್ಲದೆ ಹರಿಯುತ್ತಿತ್ತು. ಬಕೆಟ್ಟು, ಹಂಡೆ, ಎಮ್ಮೆ ಎಲ್ಲ ದಾಟಿತ್ತು. ಸೋರಿಕೆ ತಂಡದವರು ಹೊರಟು ನಿಂತಿದ್ದರು. "ನೀವಿರಿ, ನಾನು ಹೋಗ್ತೀನಿ" ಎಂದಳು ನೀರಕ್ಕ. ಮೇಡಂ ಯಾಕೆ ಹೋಗಬೇಕೆಂದು ಅವರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಳಬನೊಬ್ಬ ಮಾತ್ರ ಮುಚ್ಚಳ ಎತ್ತುವ ಕೊಕ್ಕೆಯನ್ನು ತಂದು ಅವಳ ಕೈಗಿತ್ತ.

ಕಚೇರಿಯ ಕಾರನ್ನು ಬೀದಿಯ ತುದಿಯಲ್ಲೇ ಬಿಟ್ಟು ನಡೆದಳು. ನಾಯಿಗಳು ಹೊಸ ತಲೆಮಾರಿನವು, ಪರಿಚಯವಿಲ್ಲದೆ ಬೊಗಳಿದವು. ಒಂದು ಗೇಟಿನೊಳಗಿಂದ ಯಾರದೋ ಹೊಸ ಸೊಸೆ, "ಯಾರು ಬೇಕಿತ್ತು?" ಎಂದಳು. "ನೀರಿನವಳಮ್ಮ" ಎಂದರೆ, "ಈಗ ಯಾರೂ ಬರಲ್ವಲ್ಲ" ಎಂದು ಅನುಮಾನದಿಂದ ಚಿಲಕ ಹಾಕಿಕೊಂಡಳು. ತಪ್ಪು ಅವಳದಲ್ಲ. ಯಾರೂ ಬರಬೇಕಾಗಿಲ್ಲದಂತೆ ಮಾಡಿದವಳೇ ಕೊಕ್ಕೆ ಹಿಡಿದು ಗೇಟಿನ ಹೊರಗೆ ನಿಂತಿದ್ದಳು.

ಮುಚ್ಚಳಣ್ಣನ ಮನೆಯ ಅಂಗಳದಲ್ಲಿ ಎಲ್ಲೂ ಪೈಪು ಒಡೆದಿರಲಿಲ್ಲ. ನಲ್ಲಿಗೆ ಸಿಕ್ಕಿಸಿದ್ದ ರಬ್ಬರು ಕೊಳವೆ ಒಂದು ಡ್ರಮ್ಮಿನೊಳಗಿತ್ತು. ಡ್ರಮ್ಮು ತುಂಬಿ, ಚೆಲ್ಲಿದ ನೀರು ಅಚ್ಚುಕಟ್ಟಾಗಿ ಕಾಲುವೆ ಹಿಡಿದು ಗಿಡಗಳ ಬುಡಕ್ಕೆ ಹೋಗುತ್ತಿತ್ತು. ಪೋಲಾಗದಂತೆ ವ್ಯವಸ್ಥೆ ಮಾಡಿದ ಸೋರಿಕೆ. ಮುಚ್ಚಳಣ್ಣ ಮೀಟರ್ ಗುಂಡಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಕೊಡೆ ಕಂಕುಳಲ್ಲೇ ಇತ್ತು. ಸ್ವಲ್ಪ ಇಳಿದುಹೋಗಿದ್ದ.

ಅವನು ಅವಳ ಕೈಯಿಂದ ಕೊಕ್ಕೆ ತೆಗೆದುಕೊಂಡು ಮುಚ್ಚಳ ಎತ್ತಿ, ಮಂಡಿಯೂರಿ ಬಗ್ಗಿದ. ಒಳಗೆ ಹೊಸ ಮೀಟರಿನ ಪುಟ್ಟ ಕಿಟಕಿಯಲ್ಲಿ ಅಂಕಿಗಳು ಬೆಳಗುತ್ತಿದ್ದವು.

"ಒಂದೂ... ಎಂಟೂ... ಐದೂ... ಮೂರೂ" ಎಂದ. ಗಂಟಲು ಒಣಗಿತ್ತು, ರಾಗ ಮಾತ್ರ ಅದೇ.

ಅವಳು ಗುಂಡಿಯ ಹತ್ತಿರಕ್ಕೆ ಬಂದಳು. ಆಮೇಲೆ, "ಒಂದೂ... ಎಂಟೂ... ಐದೂ... ಮೂರೂ."

"ತಪ್ಪು. ನಾಕಾಯ್ತು."

ನಲ್ಲಿ ಹರಿಯುತ್ತಲೇ ಇತ್ತಲ್ಲ. ಅವಳು ಮರುಕೂಗು ಹಾಕುವಷ್ಟರಲ್ಲಿ ಅಂಕಿ ಮುಂದಕ್ಕೆ ಹೋಗಿಬಿಡುತ್ತಿತ್ತು.

"ಒಂದೂ... ಎಂಟೂ... ಐದೂ... ನಾಕೂ."

"ಒಂದೂ... ಎಂಟೂ... ಐದೂ... ನಾಕೂ."

"ಐದಾಯ್ತು."

ಹೀಗೆ ಅವನು ಕೂಗುವುದು, ಅವಳು ತಿರುಗಿ ಕೂಗುವುದು, ಅಂಕಿ ಇಬ್ಬರಿಗೂ ಸಿಗದೆ ಓಡುವುದು. ನಲ್ಲಿ ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅವಳಿಗೆ ಇನ್ನೂ ಹತ್ತಿರ. ನಿಲ್ಲಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಪಕ್ಕದ ಮನೆಯ ಗೇಟು ತೆರೆದ ಸದ್ದಾಯಿತು, ಅದರಾಚೆ ಯಾರೋ ನಾಯಿಯನ್ನು ಗದರಿ ಒಳಗೆ ಕರೆದರು. ಹೊಸ ಸೊಸೆ ಚಿಲಕ ತೆಗೆದು ಬೀದಿಗೆ ಬಂದು ನೋಡಿದಳು.

ಕೊನೆಗೆ ಅಡುಗೆಮನೆಯಿಂದ ಅವನ ಹೆಂಡತಿ ಬಂದು ನಲ್ಲಿ ನಿಲ್ಲಿಸಿದಳು. "ಸಾಕು ನಿಮ್ಮ ಭಜನೆ. ಬೆಳಗಿಂದ ಕಾಯ್ತಾ ಕೂತಿದ್ದಾರೆ, ಟೀ ಕೂಡ ಕುಡಿದಿಲ್ಲ. ಬಾಮ್ಮ ಒಳಗೆ."

"ನಾನು ಯಾರನ್ನೂ ಕಾಯ್ತಿರಲಿಲ್ಲ" ಎಂದ ಮುಚ್ಚಳಣ್ಣ, ಗುಂಡಿಯೊಳಗೆ ನೋಡುತ್ತ. ನಿಂತ ಅಂಕಿಯನ್ನು ಕೊನೆಯ ಸಲ ಓದಿದ. ಅವಳು ತಿರುಗಿ ಹೇಳಿದಳು. ಅವನು "ಹ್ಞಾಂ" ಎನ್ನಲಿಲ್ಲ, ಮುಚ್ಚಳವನ್ನೂ ಮುಟ್ಟಲಿಲ್ಲ.

"ಮರುಕೂಗು ಹಾಕಿಸಿದ್ದೀನಿ ಅಣ್ಣ" ಎಂದಳು ನೀರಕ್ಕ. "ಇದರೊಳಗೇ. ತಿಂಗಳಿಗೊಂದು ಸಲ ಒಂದು ದೀಪ ಮಿನುಗುತ್ತೆ."

"ಕೇಳ್ದೆ, ಹುಡುಗರು ಹೇಳಿದ್ರು. ಎರಡು ತಿಂಗಳು ಮುಚ್ಚಳ ತೆಗೆದು ಕಾದೆ."

"ಕಾಣಿಸ್ತಾ?"

"ಕಾಣಿಸ್ತು. ಚೆನ್ನಾಗಿದೆ. ಕೇಳಿಸಲಿಲ್ಲ."

ಆಮೇಲೆ "ಹ್ಞಾಂ" ಎಂದು ಕಾಲಿನಿಂದ ಮುಚ್ಚಳ ತಳ್ಳಿದ. ಡಬ್ ಎಂದಿತು. ಅವಳ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ನೋಡಿ ಮುಖ ಸಿಂಡರಿಸಿದ. "ಇದನ್ನ ಹಾಕ್ಕೊಂಡು ಯಾರು ತಂಗಿ ಬೀದಿ ನಡೀತಾರೆ? ಹಾವು ಬಂದ್ರೆ ನಾನೊಬ್ಬನೇ ಓಡಬೇಕಾಗುತ್ತೆ."

ಟೀ ಕುಡಿದು, ತಡವಾಗಿ ಕಚೇರಿಗೆ ಮರಳಿದಳು.

ವಾರದ ಪರಿಶೀಲನೆಯಲ್ಲಿ ದೊಡ್ಡ ಸಾಹೇಬರು ಪರದೆಯ ಮೇಲಿನ ಚುಕ್ಕಿಗಳನ್ನು ನೋಡುತ್ತ ಆ ಮನೆಯ ಹತ್ತಿರ ನಿಂತರು. "ಇದಕ್ಕೆ ನೀವೇ ಹೋಗಿದ್ರಂತೆ?"

"ಹೌದು ಸಾರ್."

"ಪೈಪು ಒಡೆದಿತ್ತಾ?"

"ಇಲ್ಲ ಸಾರ್. ನಲ್ಲಿ ತೆರೆದಿತ್ತು."

"ಸರಿಹೋಯ್ತಲ್ಲ? ಇನ್ನೊಂದ್ಸಲ ಹೀಗಾಗಲ್ಲ ತಾನೇ?"

ನೀರಕ್ಕ ಕುರ್ಚಿಯ ಕೆಳಗೆ ತನ್ನ ಹೊಸ ಚಪ್ಪಲಿಯತ್ತ ಒಮ್ಮೆ ನೋಡಿಕೊಂಡಳು. ಚಪ್ಪಟೆಯಾದದ್ದು, ದಪ್ಪ ಅಟ್ಟೆಯದು.

"ತಿಂಗಳಿಗೊಂದು ಸಲ ಆಗುತ್ತೆ ಸಾರ್."